ಹತ್ತಕ್ಕೆ ಹತ್ತು ಸ್ಟಾರು

ಅಹಮದಾಬಾದಿನ ಬೋಪಾಲ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿಗೆ ವಿಂಧ್ಯಾ ಬಂದು ಇನ್ನೂ ತಿಂಗಳಾಗಿರಲಿಲ್ಲ, ಅಷ್ಟರಲ್ಲೇ ಅವಳ ಬಗ್ಗೆ ಒಂದು ಮಾತು ಹುಟ್ಟಿಕೊಂಡಿತ್ತು. ಸಂಜೆ ಕೆಳಗೆ ಚಿಕ್ಕ ಮಕ್ಕಳು ಆಡುವಾಗ ಅವಳು ಸದ್ದಿಲ್ಲದೆ ಅವರ ಬೆನ್ನ ಹಿಂದೆ ಹೋಗಿ ನಿಲ್ಲುತ್ತಾಳೆ, ಬಾಯಿಗೆ ಸೆರಗು ಅಡ್ಡ ಹಿಡಿದು ಮೆಲ್ಲಗೆ ಹೆಸರು ಹಿಡಿದು ಕರೆಯುತ್ತಾಳೆ, ಮಗು ತಿರುಗಿ ನೋಡಿದರೆ ಏನೂ ಹೇಳದೆ ಹೊರಟುಬಿಡುತ್ತಾಳೆ. ಎರಡನೇ ಮಹಡಿಯ ಒಬ್ಬ ತಾಯಿ ನನ್ನ ಹತ್ತಿರ ಬಂದು, "ತಾರಾಬೆನ್, ಅವರು ನಿಮ್ಮ ಕಡೆಯವರಲ್ಲವೇ? ಏನು ಸಮಾಚಾರ ಅಂತ ಸ್ವಲ್ಪ ಕೇಳಿ ನೋಡಿ" ಎಂದಳು. ಆ ಅಪಾರ್ಟ್‌ಮೆಂಟಿನಲ್ಲಿ ಕನ್ನಡದವರೆಂದರೆ ಎರಡೇ ಮನೆ. ಬ್ಯಾಂಕಿನ ವರ್ಗಾವಣೆಯಲ್ಲಿ ಆರು ವರ್ಷದ ಹಿಂದೆ ಬಂದು ಇಲ್ಲೇ ಉಳಿದ ನಾವು, ಸೂರತ್‌ನಿಂದ ಆಗಷ್ಟೇ ಬಂದಿದ್ದ ವಿಂಧ್ಯಾ ಲಿಂಗರಾಜ.

ಒಂದು ಭಾನುವಾರ ಕಾಫಿಗೆ ಕರೆದೆ. ಕೇಳಬೇಕೆಂದಿದ್ದನ್ನು ಸುತ್ತುಬಳಸದೆ ಕೇಳಿಯೂಬಿಟ್ಟೆ. ಅವಳು ಲೋಟ ಕೆಳಗಿಟ್ಟಳು.

"ಕಿವಿ ಕೇಳಸ್ತೈತೋ ಇಲ್ಲೋ ಅಂತ ನೋಡ್ತೀನ್ರೀ ಅಕ್ಕಾರ. ಬ್ಯಾರೆ ಏನಿಲ್ಲ" ಎಂದಳು.

ಆವತ್ತು ಅಷ್ಟೇ. ಮುಂದಿನದನ್ನು ಅವಳು ಆರೇಳು ತಿಂಗಳಲ್ಲಿ ಚೂರುಚೂರಾಗಿ ಹೇಳಿದಳು. ನಾನು ಇಲ್ಲಿ ಜೋಡಿಸಿ ಬರೆಯುತ್ತಿದ್ದೇನೆ.

ವಿಂಧ್ಯಾ ರಾಣೆಬೆನ್ನೂರಿನವಳು. ಅವಳ ತಂದೆ ಅಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಟೈಪ್‌ರೈಟರುಗಳ ಕಾಲ ಮುಗಿಯುತ್ತ ಬಂದಾಗ ಎರಡು ಕಂಪ್ಯೂಟರ್ ತರಿಸಿದರು. ಊರಿನ ಹುಡುಗರಿಗೆ ಅದನ್ನು ಮೊದಲು ಹೇಳಿಕೊಟ್ಟವಳು ಇವಳೇ, ಆಗಿನ್ನೂ ಪಿಯುಸಿಯಲ್ಲಿದ್ದಳು. ಮದುವೆಯಾದ ಮೇಲೆ ಗಂಡ ಲಿಂಗರಾಜ ಅವರ ವಿಮಾ ಕಂಪನಿಯ ಕೆಲಸ ಊರೂರು ಸುತ್ತಿಸಿ, ಕೊನೆಗೆ ಸೂರತ್ತಿಗೆ ತಂದು ಹಾಕಿತು. ಮಗ ನಿತಿನ್ ಶಾಲೆಗೆ ಹೋಗತೊಡಗಿದ ಮೇಲೆ ಇವಳು ಅಲ್ಲಿನ ಉಧ್ನಾ ಬಡಾವಣೆಯ ಒಂದು ಶಿಶುವಿಹಾರದಲ್ಲಿ ಟೀಚರ್ ಆದಳು. ಅದರ ಹೆಸರು ಬಾಲ ಉಪವನ. ಮಗ್ಗದ ಮೇಸ್ತ್ರಿಗಳ, ರೈಲ್ವೆಯವರ, ಅಂಗಡಿಯವರ ಮಕ್ಕಳು ಬರುತ್ತಿದ್ದರು. ಗುಜರಾತಿಯಲ್ಲಿ ಅಕ್ಕನಿಗೆ ಬೆನ್ ಎನ್ನುತ್ತಾರೆ, ಇವಳು ಅಲ್ಲಿ ಎಲ್ಲರಿಗೂ ವಿಂಧ್ಯಾಬೆನ್.

ಪಕ್ಕದ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಡೈಯಿಂಗ್ ಮಿಲ್ಲಿನ ಮಾಲೀಕರು ತಮ್ಮ ಆಫೀಸಿಗೆ ಹೊಸ ಕಂಪ್ಯೂಟರ್ ತರಿಸಿದಾಗ ಹಳೆಯ ಆರನ್ನು ಈ ಶಾಲೆಗೆ ಕೊಟ್ಟರು. ಯಾರಿಗೂ ಅವು ಬೇಕಾಗಿರಲಿಲ್ಲ, ವಿಂಧ್ಯಾ ಬೇಕು ಎಂದಳು. ಮಿಲ್ಲಿನ ತುಂಡು ಸೀರೆ ಬಟ್ಟೆಯಲ್ಲೇ ಆರಕ್ಕೂ ಹೊದಿಕೆ ಹೊಲಿದಳು. ಆ ಊರಿನಲ್ಲಿ ನೂಲಿನ ಧೂಳು ಎಲ್ಲಿ ನೋಡಿದರಲ್ಲಿ, ಹಾಗಾಗಿ ವಾರಕ್ಕೊಮ್ಮೆ ತಾನೇ ಬಿಚ್ಚಿ ಬ್ರಷ್ ಹಾಕಿ ಒರೆಸುತ್ತಿದ್ದಳು. ಮಕ್ಕಳ ಕಲಿಕೆಯ ಆಟಗಳನ್ನು ಹಾಕಿಸಿದಳು. ಬಣ್ಣ ಗುರುತಿಸುವುದು, ಆಕಾರ ಹೊಂದಿಸುವುದು, ಎಣಿಸುವುದು. ಮಕ್ಕಳಿಗೆಲ್ಲ ಬಹಳ ಇಷ್ಟವಾದದ್ದು ಗಿಳಿಯ ಆಟ. ಪರದೆಯ ಮೇಲೆ ನಾಲ್ಕು ಚಿತ್ರ ಬರುತ್ತವೆ. ಹೆಡ್‌ಫೋನಿನಲ್ಲಿ ಗಿಳಿ ಒಂದರ ಹೆಸರು ಹೇಳುತ್ತದೆ. ಮಗು ಅದನ್ನು ಒತ್ತಬೇಕು. ಸರಿಯಾದರೆ ಒಂದು ಸ್ಟಾರು. ಹತ್ತು ಪ್ರಶ್ನೆ, ಹತ್ತು ಸ್ಟಾರು. ಕೊನೆಗೆ ಹೆಸರು, ತಾರೀಖಿನ ಸಮೇತ ಪ್ರಿಂಟ್ ತೆಗೆಯಬಹುದು.

"ಎಬಿಸಿಡಿ ಬಾರದ ಕೂಸು ಮೌಸ್ ಹಿಡಿದು ಕುಂತ್ರ ನೋಡಾಕ ಎಷ್ಟು ಚಂದ ಅಂತೀರಿ" ಎನ್ನುವಾಗ ಅವಳ ಮುಖ ಈಗಲೂ ಅರಳುತ್ತದೆ, ಆಮೇಲೆ ತಾನೇ ಬಾಡುತ್ತದೆ.

ಕೊರೊನಾದ ನಂತರ ಶಾಲೆ ಪೂರ್ತಿ ನಡೆಯತೊಡಗಿದ ವರ್ಷ, ಜೂನ್ ತಿಂಗಳಲ್ಲಿ, ಅಪೂರ್ವಾ ಸೇರಿದಳು. ನಾಲ್ಕು ವರ್ಷಕ್ಕೆ ಎರಡು ತಿಂಗಳು ಕಡಿಮೆ. ಉಧ್ನಾ ಸ್ಟೇಷನ್ನಿನ ಹತ್ತಿರ ಉಡುಪಿ ಹೋಟೆಲ್ ನಡೆಸುವ ದಾಮೋದರನ ಒಬ್ಬಳೇ ಮಗಳು. ಟೀಚರ್ ಕನ್ನಡದವರು ಎಂದು ಗೊತ್ತಾಗಿಯೇ ಅವನ ಹೆಂಡತಿ ಲಕ್ಷ್ಮಿ ದೂರದ ದೊಡ್ಡ ಶಾಲೆ ಬಿಟ್ಟು ಇಲ್ಲಿಗೆ ಸೇರಿಸಿದ್ದಳು.

ಅಪೂರ್ವಾ ಮಾತಾಡುತ್ತಿದ್ದುದು ಬಲು ಕಡಿಮೆ. ಅಮ್ಮ, ಬಾ, ಬೇಡ, ಇಂಥ ನಾಲ್ಕಾರು ಮಾತು, ಅವೂ ಅಸ್ಪಷ್ಟ. ಆದರೆ ಅದಕ್ಕೆ ಎಲ್ಲರ ಹತ್ತಿರವೂ ಕಾರಣವಿತ್ತು. ಮನೆಯಲ್ಲಿ ತುಳು, ಹೋಟೆಲಿನ ಹುಡುಗರ ಜೊತೆ ಹಿಂದಿ, ಪಕ್ಕದ ಮನೆಯಲ್ಲಿ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷು. ನಾಲ್ಕು ಭಾಷೆ ಸೇರಿದರೆ ಮಗು ಗೊಂದಲಕ್ಕೆ ಬೀಳದೆ ಇನ್ನೇನು? ಮೇಲಾಗಿ ಕೊರೊನಾ ಮಕ್ಕಳು, ಎರಡು ವರ್ಷ ಮಾಸ್ಕ್ ಹಾಕಿದ ಮುಖಗಳನ್ನೇ ನೋಡಿದವರು. ಆ ವರ್ಷ ಬಾಲ ಉಪವನದಲ್ಲಿ ಮಾತು ತಡವಾದ ಮಕ್ಕಳು ಇನ್ನೂ ಐದಾರು ಇದ್ದರು.

ಗಿಳಿಯ ಆಟದಲ್ಲಿ ಮಾತ್ರ ಅಪೂರ್ವಾ ಎಲ್ಲರಿಗಿಂತ ಮುಂದೆ. ಎರಡನೇ ತಿಂಗಳಿಗೇ ಹತ್ತಕ್ಕೆ ಹತ್ತು. ಬೇರೆ ಮಕ್ಕಳು ಗಡಿಬಿಡಿಯಲ್ಲಿ ಸಿಕ್ಕಿದ್ದನ್ನು ಒತ್ತಿ ತಪ್ಪು ಮಾಡಿದರೆ, ಇವಳು ಕೈಕಟ್ಟಿ ಕೂತು ಪರದೆಯನ್ನೇ ನೋಡುತ್ತ, ಸ್ವಲ್ಪ ಹೊತ್ತು ಬಿಟ್ಟು ಒಂದೇ ಸಲ ಒತ್ತುತ್ತಿದ್ದಳು. ಯಾವತ್ತೂ ತಪ್ಪುತ್ತಿರಲಿಲ್ಲ. ವಿಂಧ್ಯಾ ಅವಳ ಪ್ರಗತಿ ಪತ್ರದಲ್ಲಿ ಬರೆದಳು: ಯೋಚಿಸಿ ಉತ್ತರ ಕೊಡುವ ಸ್ವಭಾವ.

ದೀಪಾವಳಿ ರಜೆ ಮುಗಿದ ವಾರ ಲಕ್ಷ್ಮಿ ಶಾಲೆಗೆ ಬಂದಳು. ಕೈಯಲ್ಲಿ ಗೋಳಿಬಜೆಯ ಡಬ್ಬಿ. ಮಕ್ಕಳೆಲ್ಲ ಹೋಗುವವರೆಗೆ ಕಾದಿದ್ದು ಕಂಪ್ಯೂಟರ್ ಕೋಣೆಗೆ ಬಂದಳು.

"ಟೀಚರ್, ಒಂದು ಕೇಳ್ಬೇಕಿತ್ತು. ಇವಳಿಗೆ ಕಿವಿ ಸರಿ ಉಂಟಾ ಅಂತ ನಂಗೊಂದು ಸಂಶಯ. ಹಿಂದಿಂದ ಕರೆದ್ರೆ ತಿರುಗುದೇ ಇಲ್ಲ ಮಾರಾಯ್ರೆ."

"ಬೇಕಂತಲೇ ತಿರುಗೂದಿಲ್ಲ ಬಿಡ್ರಿ. ನಮ್ಮ ನಿತಿನ್ ಈಗ್ಲೂ ಹಂಗ ಮಾಡ್ತಾನ."

"ಅವರೂ ಹಾಗೇ ಹೇಳುದು. ಹೋಟೆಲಲ್ಲಿ ತಟ್ಟೆ ಬಿದ್ರೆ ಬೆಚ್ಚಿ ಬೀಳ್ತಾಳೆ, ಮಿಕ್ಸಿ ಹಾಕಿದ್ರೆ ಓಡಿ ಬರ್ತಾಳೆ, ಕಿವಿಗೆ ಎಂತ ಆಗಿದೆ ಹೇಳ್ತಾರೆ. ಆದ್ರೂ ಶನಿವಾರಕ್ಕೆ ಕಿವಿ ಡಾಕ್ಟ್ರ ಹತ್ರ ಟೈಮ್ ತಗೊಂಡಿದ್ದೇನೆ."

ವಿಂಧ್ಯಾ ನಕ್ಕಳಂತೆ. ಆ ನಗುವನ್ನು ನನಗೆ ಹೇಳುವಾಗ ಅವಳು ಕಣ್ಣು ಮುಚ್ಚಿಕೊಂಡಳು. ಎದ್ದು ಕಂಪ್ಯೂಟರ್ ಹಾಕಿದಳು. ಅಪೂರ್ವಾಳನ್ನು ಕೂರಿಸಿ, ಹೆಡ್‌ಫೋನ್ ತೊಡಿಸಿ, ಗಿಳಿಯ ಆಟ ಹಚ್ಚಿದಳು. ಲಕ್ಷ್ಮಿ ಹಿಂದೆ ನಿಂತು ನೋಡಿದಳು. ಮಗು ಒಂದೊಂದಾಗಿ ಒತ್ತುತ್ತ ಹೋಯಿತು. ಹತ್ತಕ್ಕೆ ಹತ್ತು.

"ನೋಡ್ರಿ. ಕಿವಿ ಕೇಳಿಸ್ಲಿಲ್ಲಂದ್ರ ಗಿಳಿ ಹೇಳಿದ್ದು ಹೆಂಗ ಒತ್ತತಾಳ? ಭಾಷಾ ಕಲಸಿದ್ದಕ್ಕ ಮಾತು ತಡ ಆಗೇತಿ, ಅಷ್ಟ. ಸುಮ್ನ ಕೂಸಿನ್ನ ಕರ್ಕೊಂಡು ದವಾಖಾನಿ ಅಡ್ಡಾಡಬ್ಯಾಡ್ರಿ."

ಲಕ್ಷ್ಮಿ ಪ್ರಿಂಟನ್ನು ಕೈಯಲ್ಲಿ ಹಿಡಿದು ಅತ್ತುಬಿಟ್ಟಳು, ಸಂತೋಷಕ್ಕೆ. ಶನಿವಾರ ಅವರು ಡಾಕ್ಟರ ಹತ್ತಿರ ಹೋಗಲಿಲ್ಲ. ಮಗಳ ಸ್ಟಾರುಗಳ ಕಾಗದವನ್ನು ದಾಮೋದರ ಲ್ಯಾಮಿನೇಷನ್ ಮಾಡಿಸಿ ಹೋಟೆಲಿನ ಗಲ್ಲಾದ ಹಿಂದೆ, ಕೃಷ್ಣನ ಫೋಟೋದ ಕೆಳಗೆ ತೂಗುಹಾಕಿದ. ಬಂದವರಿಗೆಲ್ಲ ತೋರಿಸುತ್ತಿದ್ದ.

ಇದಾಗಿ ಮೂರು ತಿಂಗಳಿಗೆ ಇನ್ನೊಂದು ನಡೆಯಿತು. ಒಂದು ಬೆಳಿಗ್ಗೆ ವಿಂಧ್ಯಾ ಮಕ್ಕಳ ಹಿಂದೆ ಓಡಾಡುತ್ತಿದ್ದಾಗ ಅಪೂರ್ವಾಳ ಹೆಡ್‌ಫೋನಿನ ವಯರು ಕಂಪ್ಯೂಟರಿನಿಂದ ಕಳಚಿ ನೆಲದ ಮೇಲೆ ಬಿದ್ದಿರುವುದನ್ನು ಕಂಡಳು. ಆ ಹಳೆಯ ಕಂಪ್ಯೂಟರುಗಳಿಗೆ ಬೇರೆ ಸ್ಪೀಕರ್ ಇರಲಿಲ್ಲ. ಅಂದರೆ ಗಿಳಿಯ ದನಿ ಎಲ್ಲಿಂದಲೂ ಬರುತ್ತಿರಲಿಲ್ಲ. ಮಗು ಅದರ ಪರಿವೆಯೇ ಇಲ್ಲದೆ ಆಡುತ್ತಿತ್ತು. ಪರದೆಯ ಮೇಲೆ ಆಗಲೇ ಏಳು ಸ್ಟಾರು.

"ಏನು ಏಕಾಗ್ರತಾ ಅಂದ್ಕೊಂಡ್ನಿ ಅಕ್ಕಾರ. ವಯರ್ ಬಗ್ಗಿ ಎತ್ತಿ ಸಿಗಿಸಿದ್ನಿ, ಮುಂದಿನ ಕೂಸಿನ ಹತ್ರ ಹೋದ್ನಿ. ಏಳು ಸ್ಟಾರು ಹೆಂಗ ಬಂದ್ವು ಅಂತ ಒಂದು ನಿಮಿಷ ನಿಂತು ವಿಚಾರ ಮಾಡ್ಲಿಲ್ಲ."

ಹಾಗೆ ಇನ್ನೂ ಹತ್ತು ತಿಂಗಳು ಕಳೆಯಿತು. ಅಪೂರ್ವಾಗೆ ಐದು ತುಂಬಿತು. ಮಾತು ಬರಲಿಲ್ಲ. ಲಕ್ಷ್ಮಿ ಮಧ್ಯೆ ಎರಡು ಸಲ ಅದೇ ಸಂಶಯ ಎತ್ತಿದಳು, ಎರಡು ಸಲವೂ ಗಂಡ ಗಲ್ಲಾದ ಹಿಂದಿನ ಕಾಗದ ತೋರಿಸಿದ.

ಡಿಸೆಂಬರಿನಲ್ಲಿ ಶಾಲೆಯವರು ಹೊಸ ಆಟಗಳನ್ನು ತಂದರು. ಗಿಳಿಯ ಬದಲು ಒಂದು ಕರಡಿ. ಚಿತ್ರ ನಾಲ್ಕೇ, ಕರಡಿ ಹೆಸರು ಹೇಳುವುದೂ ಹಾಗೆಯೇ. ಮೊದಲ ದಿನ ಅಪೂರ್ವಾಗೆ ಒಂದೂ ಸ್ಟಾರು ಬರಲಿಲ್ಲ. ಎರಡನೇ ದಿನವೂ ಇಲ್ಲ, ಮೂರನೇ ದಿನವೂ ಇಲ್ಲ. ಅವಳು ಕೈಕಟ್ಟಿ ಕೂತು ಪರದೆ ನೋಡುತ್ತಿದ್ದಳು, ನೋಡುತ್ತಲೇ ಇದ್ದಳು, ಸಮಯ ಮುಗಿಯುತ್ತಿತ್ತು. ನಾಲ್ಕನೇ ದಿನ ವಿಂಧ್ಯಾಗೆ ಸಿಟ್ಟು ಬಂತು. "ಹಟ ಮಾಡ್ತೀ ಏನ? ಆಡು!" ಎಂದು ಭುಜ ಹಿಡಿದು ಅಲುಗಿಸಿದಳು. ಮಗು ತಲೆಯೆತ್ತಿ ಅವಳ ಕಣ್ಣನ್ನಲ್ಲ, ಬಾಯಿಯನ್ನು ನೋಡಿತು. ಬಿಡದೆ ಬಾಯಿಯನ್ನೇ ನೋಡಿತು.

ಅಂದು ಮಕ್ಕಳೆಲ್ಲ ಹೋದ ಮೇಲೆ ವಿಂಧ್ಯಾ ಹಳೆಯ ಗಿಳಿಯ ಆಟ ತೆರೆದು ಮಗುವಿನ ಕುರ್ಚಿಯಲ್ಲೇ ಕೂತಳು. ನೂರಾರು ಸಲ ಹಚ್ಚಿಕೊಟ್ಟಿದ್ದ ಆಟ, ತಾನು ಆಡಿದ್ದಿಲ್ಲ. ಗಿಳಿ ಹೆಸರು ಹೇಳಿತು. ವಿಂಧ್ಯಾ ಏನನ್ನೂ ಒತ್ತದೆ, ಅಪೂರ್ವಾಳ ಹಾಗೆ ಕೈಕಟ್ಟಿ ಕಾದಳು. ಐದಾರು ಸೆಕೆಂಡಾಯಿತು. ಆಮೇಲೆ ನಾಲ್ಕು ಚಿತ್ರಗಳಲ್ಲಿ ಒಂದು ಚಿತ್ರ ಕಂಡೂ ಕಾಣದಷ್ಟು ಮೆಲ್ಲಗೆ ಅಲುಗಾಡಿತು. ಉತ್ತರ ಗೊತ್ತಾಗದ ಮಗುವಿಗೆ ಸಹಾಯವಾಗಲೆಂದು ಆಟ ಮಾಡಿದವರು ಇಟ್ಟಿದ್ದ ಸುಳಿವು ಅದು. ಒತ್ತಿದಳು. ಸ್ಟಾರು ಬಂತು. ಹೊಸ ಆಟದಲ್ಲಿ ಆ ಸುಳಿವು ಇರಲಿಲ್ಲ, ಅಷ್ಟೇ.

ಮರುದಿನ ಅವಳು ಬೇಕೆಂದೇ ವಯರು ಕಳಚಿಟ್ಟು ಅಪೂರ್ವಾಗೆ ಹೆಡ್‌ಫೋನ್ ತೊಡಿಸಿ ಗಿಳಿಯ ಆಟ ಹಚ್ಚಿದಳು. ಮಗು ಹಳೆಯ ಗೆಳೆಯನನ್ನು ಕಂಡಂತೆ ಹಿಗ್ಗಿತು. ಒಂದೂ ಸದ್ದಿಲ್ಲದೆ ಹತ್ತಕ್ಕೆ ಹತ್ತು ತೆಗೆದು, ಶಭಾಸ್ ಅನ್ನಿ ಎಂಬಂತೆ ಟೀಚರ ಮುಖ ನೋಡಿತು.

"ಏನ್ ಮಾಡಿದ್ರಿ?" ಎಂದು ಕೇಳಿದೆ.

"ಶಭಾಸ್ ಅಂದ್ನಿ. ಮತ್ತೇನ್ ಅನ್ಲಿ?"

ಅದೇ ಮಧ್ಯಾಹ್ನ ವಿಂಧ್ಯಾ ಹೋಟೆಲಿಗೆ ಹೋದಳು. ಊಟದ ರಶ್ಶು. ದಾಮೋದರ ಗಲ್ಲಾದಲ್ಲಿದ್ದ, ಬೆನ್ನ ಹಿಂದೆ ಆ ಕಾಗದ. ಲಕ್ಷ್ಮಿಯನ್ನು ಒಳಗೆ ಕರೆದು, "ಕಿವಿ ಡಾಕ್ಟರಿಗೆ ತೋರಸ್ರಿ, ನಾಳೇನ ತೋರಸ್ರಿ. ನಂದು ತಪ್ಪಾಗೇತಿ" ಎಂದಳು. ಸುಳಿವಿನ ವಿಷಯ ಹೇಳಿದಳು. ಲಕ್ಷ್ಮಿ ಕೈಯಲ್ಲಿದ್ದ ಸೌಟನ್ನು ಸಾಂಬಾರಿನ ಪಾತ್ರೆಯ ಅಂಚಿಗೆ ಒರಗಿಸಿಟ್ಟು, ಚಪ್ಪಲಿ ಮೆಟ್ಟಿ ಮಗಳನ್ನು ಕರೆತರಲು ಹೊರಟೇಹೋದಳು.

ಸೂರತ್ತಿನಲ್ಲಿ ಮೊದಲು, ಆಮೇಲೆ ಅಹಮದಾಬಾದಿನಲ್ಲಿ ಪರೀಕ್ಷೆ ಮಾಡಿದರು. ಎರಡೂ ಕಿವಿಯಲ್ಲಿ ದೋಷವಿತ್ತು. ಜೋರು ಸದ್ದುಗಳು ಕೇಳುತ್ತವೆ, ಮಾತಿನ ಸಣ್ಣ ಸದ್ದುಗಳು ಕೇಳುವುದಿಲ್ಲ. ಹುಟ್ಟಿನಿಂದಲೇ ಹಾಗಿರಬೇಕು. ತಟ್ಟೆ ಬಿದ್ದರೆ ಬೆಚ್ಚುತ್ತಿದ್ದುದೂ ನಿಜ, ಅಮ್ಮ ಏನು ಹೇಳುತ್ತಾಳೆಂದು ತಿಳಿಯದಿದ್ದುದೂ ನಿಜ. ಕಿವಿಗೆ ಯಂತ್ರ ಹಾಕಿದರು. ಮಾತು ಕಲಿಯುವ ವಯಸ್ಸು ಜಾರುತ್ತಿದೆ, ಒಂದು ವರ್ಷ ಮೊದಲೇ ಬಂದಿದ್ದರೆ ಎಷ್ಟೋ ಸುಲಭವಿತ್ತು ಎಂದರು ಅಲ್ಲಿನ ಡಾಕ್ಟರು. ಆ ಮಾತನ್ನು ವಿಂಧ್ಯಾಗೆ ಫೋನಿನಲ್ಲಿ ಹೇಳಿದವನು ದಾಮೋದರ. ಬೈಯಲಿಲ್ಲ. ಡಾಕ್ಟರು ಹೀಗೆ ಹೇಳಿದ್ರು ಎಂದು ಹೇಳಿ ಇಟ್ಟುಬಿಟ್ಟ.

ವಡೋದರಾದಲ್ಲಿ ಮಾತು ಕಲಿಸುವ ಒಳ್ಳೆಯ ಕೇಂದ್ರವೊಂದು ಇತ್ತು. ಲಕ್ಷ್ಮಿಯ ಅಣ್ಣ ಕಿಶೋರನ ಹೋಟೆಲೂ ಆ ಊರಲ್ಲೇ. ಜೂನಿನಲ್ಲಿ ಲಕ್ಷ್ಮಿ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದಳು, ದಾಮೋದರ ಸೂರತ್ತಿನಲ್ಲಿ ಒಬ್ಬನೇ ಉಳಿದ. ಅದೇ ತಿಂಗಳು ಲಿಂಗರಾಜ ಅವರಿಗೆ ಅಹಮದಾಬಾದಿಗೆ ವರ್ಗವಾಯಿತು. ವಿಂಧ್ಯಾ ಕೆಲಸ ಬಿಟ್ಟು ಬೋಪಾಲಿಗೆ ಬಂದಳು.

ಇಷ್ಟೆಲ್ಲ ಹೇಳಿದ ಮೇಲೆ, ಜನವರಿಯ ಒಂದು ಬೆಳಿಗ್ಗೆ, ಅವಳು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು:

"ಆ ವಯರ್ ಕಳಚಿದ್ದ ದಿನದ್ದು ನಾ ಲಕ್ಷ್ಮಿಗೆ ಹೇಳೇ ಇಲ್ಲ ಅಕ್ಕಾರ. ಆವತ್ತ ನನಗ ಗೊತ್ತಾಗಬೇಕಿತ್ತು. ಗೊತ್ತಾಗಿದ್ರ ಹತ್ತು ತಿಂಗಳು ಉಳೀತಿದ್ವು. ಹೇಳ್ಬೇಕೋ ಬ್ಯಾಡೋ?"

ನಾನು ಕೊತ್ತಂಬರಿ ಸೋಸುತ್ತಿದ್ದೆ. ಹೆಚ್ಚು ಯೋಚನೆ ಮಾಡಲಿಲ್ಲ.

"ಹೇಳ್ಬಿಡಿ ವಿಂಧ್ಯಾ. ಮನಸ್ಸಲ್ಲಿ ಇಟ್ಕೊಂಡು ಯಾಕೆ ಕೊರಗ್ತೀರಿ? ಹೇಳಿದ್ರೆ ಹಗುರ ಆಗುತ್ತೆ. ಬೇಕಾದ್ರೆ ನಾನೂ ಬರ್ತೀನಿ" ಎಂದೆ.

ಫೆಬ್ರವರಿಯಲ್ಲಿ ಇಬ್ಬರೂ ರೈಲಿನಲ್ಲಿ ವಡೋದರಾಕ್ಕೆ ಹೋದೆವು. ಕಿಶೋರನ ಹೋಟೆಲಿನ ಮೇಲೆಯೇ ಮನೆ. ಲಕ್ಷ್ಮಿ ಬಾಗಿಲು ತೆಗೆದಳು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವಳು, ಮೂವತ್ತೆರಡು ಮೂವತ್ತಮೂರು ಇರಬಹುದು. "ಬನ್ನಿ ಟೀಚರ್" ಎಂದಳು, ಕಾಫಿ ತಂದಳು. ಅಪೂರ್ವಾ ನೆಲದ ಮೇಲೆ ಕೂತು ಏನೋ ಬರೆಯುತ್ತಿದ್ದಳು. ಎರಡೂ ಕಿವಿಯ ಹಿಂದೆ ಗುಲಾಬಿ ಬಣ್ಣದ ಯಂತ್ರ. ಆರೂವರೆ ವರ್ಷದ ಮಗು ಐದು ವರ್ಷದವರ ತರಗತಿಯಲ್ಲಿ ಕೂರುತ್ತಿತ್ತು.

"ಅಪೂರ್ವಾ, ಬೆನ್ ಕೋ ನಮಸ್ತೆ ಬೋಲೋ" ಎಂದಳು ಲಕ್ಷ್ಮಿ, ಒಂದೊಂದು ಪದವನ್ನೂ ಬಿಡಿಸಿ.

ಮಗು ತಾಯಿಯ ತುಟಿ ನೋಡಿತು, ಆಮೇಲೆ ನಮ್ಮ ಕಡೆ ತಿರುಗಿ ಕಷ್ಟಪಟ್ಟು "ನಮತ್ತೆ" ಎಂದಿತು. ವಿಂಧ್ಯಾಳ ಗುರುತು ಅದಕ್ಕೆ ಸಿಕ್ಕಂತೆ ಕಾಣಲಿಲ್ಲ.

"ಹಿಂದೀನಾ?" ಎಂದು ನಾನು ಕೇಳಿದೆ.

"ಸದ್ಯಕ್ಕೆ ಒಂದೇ ಭಾಷೆ ಇರ್ಲಿ, ಶಾಲೆಯದ್ದು, ಅಂತ ಮಾತು ಕಲಿಸುವವರು ಹೇಳಿದ್ದಾರೆ ಅಕ್ಕ. ತಡ ಆದದ್ದಕ್ಕೆ. ತುಳು ಮಾತಾಡ್ಲಿಕ್ಕಿಲ್ಲ, ಕನ್ನಡ ಮಾತಾಡ್ಲಿಕ್ಕಿಲ್ಲ. ಊರಿಂದ ನನ್ನ ಅಮ್ಮ ವಿಡಿಯೋ ಕಾಲ್ ಮಾಡಿದ್ರೆ ಇವಳ ಹತ್ರ ಎಂತ ಮಾತಾಡುದು? ಸುಮ್ಮನೆ ಮುಖ ನೋಡ್ತಾರೆ, ಇಡ್ತಾರೆ. ನಂಗೂ ಹಿಂದಿ ಎಷ್ಟು ಬರುದು? ಹೋಟೆಲಿನ ಹಿಂದಿ."

ಆಗಲೇ ಎದ್ದು ಬಂದುಬಿಡಬೇಕಿತ್ತು. ಆದರೆ ವಿಂಧ್ಯಾ ಬಂದ ಕೆಲಸಕ್ಕೆ ಕೈಹಾಕಿದಳು. ತಲೆ ತಗ್ಗಿಸಿ, ಕಳಚಿದ ವಯರಿನ ಕಥೆಯನ್ನು ಪೂರ್ತಿ ಹೇಳಿದಳು. ಪರದೆಯ ಮೇಲಿದ್ದ ಏಳು ಸ್ಟಾರು, ತಾನು ಬಗ್ಗಿ ವಯರು ಸಿಗಿಸಿದ್ದು, ಆಮೇಲಿನ ಹತ್ತು ತಿಂಗಳು. ಹೇಳಿ ಅತ್ತಳು.

ಲಕ್ಷ್ಮಿ ಅಳಲಿಲ್ಲ.

"ಇದನ್ನು ಹೇಳ್ಲಿಕ್ಕೆ ಬಂದದ್ದಾ ನೀವು?"

"ಹೌದ್ರಿ. ಮನಸ್ನಾಗ ಇಟ್ಕೊಂಡು ಇರಾಕ ಆಗ್ಲಿಲ್ಲ."

"ನಂಗೆ ಒಂದು ವರ್ಷದಿಂದ ನಿದ್ದೆ ಇಲ್ಲ ಟೀಚರ್. ನಿಮ್ಮ ಮೇಲಿನ ಸಿಟ್ಟಿಗೆ ಅಲ್ಲ. ನಾನು ತಾಯಿ, ನಂಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಕಾಗದ ನೋಡಿ ಸುಮ್ಮನಾದೆ. ಆಟವೇ ಹಾಗಿತ್ತು, ಯಾರಿಗೂ ತಿಳಿಲಿಕ್ಕೆ ಸಾಧ್ಯ ಇರ್ಲಿಲ್ಲ ಅಂತ ಈಗೀಗ ಸಮಾಧಾನ ಮಾಡಿಕೊಂಡಿದ್ದೆ." ಅವಳು ತಲೆಯೆತ್ತಿದಳು. "ತಿಳಿಲಿಕ್ಕೆ ಸಾಧ್ಯ ಇತ್ತು ಅಂತ ಈಗ ನೀವು ಹೇಳಿದ್ರಿ. ನೀವು ಹಗುರ ಆದ್ರಿ. ನಾನು ಎಂತ ಮಾಡುದು?"

ಮಗು ತಾಯಿಯ ಮುಖ ನೋಡಿ, ಬರೆಯುವುದನ್ನು ಬಿಟ್ಟು ಎದ್ದು ಬಂದು ಅವಳ ಮಡಿಲಲ್ಲಿ ಕೂತಿತು.

"ಕಾಫಿ ಕುಡಿಯಿರಿ, ತಣಿದಿದೆ" ಎಂದಳು ಲಕ್ಷ್ಮಿ. ಕುಡಿದು ಎದ್ದೆವು. ಅವಳು ಬಾಗಿಲವರೆಗೆ ಬರಲಿಲ್ಲ. ಕೆಳಗೆ ಹೋಟೆಲಿನಲ್ಲಿ ಕಿಶೋರ ಊಟ ಮಾಡಿಕೊಂಡು ಹೋಗಿ ಎಂದು ಒತ್ತಾಯಿಸಿದ. ರೈಲಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿದೆ. ಸ್ಟೇಷನ್ನಿನಲ್ಲಿ ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತಿದ್ದೆವು.

ರೈಲು ಆಣಂದ್ ಸ್ಟೇಷನ್ ದಾಟಿದ ಮೇಲೆ ವಿಂಧ್ಯಾ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು, "ಬರಬಾರದಿತ್ತು ಅಕ್ಕಾರ."

"ನಾನು ಹೇಳಬಾರದಿತ್ತು" ಎಂದೆ.

ಅವಳು ಅಲ್ಲ ಎನ್ನಲಿಲ್ಲ.

ಈ ಜೂನಿನಲ್ಲಿ ನಮ್ಮ ರಸ್ತೆಯ ಕೊನೆಯಲ್ಲಿರುವ ನರ್ಸರಿಯವರು ಅವಳನ್ನು ಕೆಲಸಕ್ಕೆ ಕರೆದರು. ಅಲ್ಲಿ ಮಗುವಿಗೊಂದು ಟ್ಯಾಬು, ಕಲಿಕೆಯ ಆಟಗಳೆಲ್ಲ ಅದರಲ್ಲಿ. ಕಂಪ್ಯೂಟರ್ ಗೊತ್ತಿರುವ ಟೀಚರ್ ಬೇಕಿತ್ತು. ವಿಂಧ್ಯಾ ಒಂದು ದಿನ ಹೋಗಿ ನೋಡಿ ಬಂದಳು. ಎಲ್ಲ ಚೆನ್ನಾಗಿದೆ, ಆಟಗಳೂ ಈಗ ಬಹಳ ಸುಧಾರಿಸಿವೆ ಎಂದಳು. ಕೆಲಸಕ್ಕೆ ಮಾತ್ರ ಸೇರಲಿಲ್ಲ. ಹೊಸದಾಗಿ ಸೇರಿದ ಮಕ್ಕಳಿಗೆಲ್ಲ ಕಿವಿ ಪರೀಕ್ಷೆ ಮಾಡಿಸಿ ಎಂದು ಅಲ್ಲಿನ ಹೆಡ್‌ಮಿಸ್ಸಿಗೆ ಎರಡು ಸಲ ಹೇಳಿ ಬಂದಿದ್ದಾಳೆ. ನೋಡೋಣ ಎಂದಿದ್ದಾರಂತೆ.

ಮೊನ್ನೆ ಆಗಸ್ಟಿನಲ್ಲಿ ಅಪೂರ್ವಾಗೆ ಏಳು ತುಂಬಿತು. ಅಂದು ಸಂಜೆ ವಿಂಧ್ಯಾ ಫೋನ್ ಹಿಡಿದುಕೊಂಡು ನಮ್ಮ ಮನೆಗೆ ಬಂದು ಕೂತಳು. "ಫೋನ್ ಮಾಡ್ಲ್ಯಾ?" ಎಂದು ಕೇಳಿದಳು. ನನಗೆ ಗೊತ್ತಾಗುತ್ತಿಲ್ಲ ವಿಂಧ್ಯಾ, ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅವಳು ಲಕ್ಷ್ಮಿಯ ನಂಬರನ್ನು ತೆರೆದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ನಿತಿನ್ ಟ್ಯೂಷನ್ನಿಂದ ಬರೋ ಹೊತ್ತಾತು, ಚಪಾತಿ ಮಾಡಬೇಕು ಎಂದು ಎದ್ದು ಹೋದಳು.